ಬಳ್ಳಾರಿಯಲ್ಲಿ ಕನ್ನಡ ಕಲಿತ ಬೈಬಲ್

ಕನ್ನಡದ ಹಳೆಯ ‘ಸತ್ಯವೇದವು’ ಇಪ್ಪತ್ತಮೂರನೆಯ ಕೀರ್ತನೆಯಲ್ಲಿ ದೇವರನ್ನು ಕುರುಬನೆಂದು ಕರೆಯುತ್ತದೆ. ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯಲ್ಲೋ ಕುರುಗೋಡಿನಲ್ಲೋ ಈ ಪದ ಕಿವಿಗೆ ಬಿದ್ದರೆ ಕಣ್ಣಿಗೆ ಕಟ್ಟುವುದು ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಕೋಲೂರಿ, ಪೈರು ಕೊಯ್ದ ಎರೆಹೊಲದಲ್ಲಿ ಕುರಿ ಬಿಟ್ಟುಕೊಂಡು ನಿಂತ ಮನುಷ್ಯ. ಅವನ ಬೆನ್ನಿಗೇ ಒಂದು ಕುಲದ ಹೆಸರು, ಬೀರಪ್ಪನ ಗುಡಿ, ಡೊಳ್ಳಿನ ಸದ್ದು ಎಲ್ಲವೂ ಬರುತ್ತವೆ. ಹೀಬ್ರೂ ಮೂಲದ ‘ರೋಎ’ ಎಂಬ ಪದಕ್ಕೆ ಇಂಥ ಕುಲದ ನೆನಪಿಲ್ಲ. ಅದು ‘ಮೇಯಿಸು’ ಎಂಬ ಕ್ರಿಯೆಯಿಂದ ಹುಟ್ಟಿದ ಪದ, ಮೇಯಿಸುವವನು ಎಂದಷ್ಟೇ ಅದರ ಅರ್ಥ. ಆದರೆ ಅದಕ್ಕೆ ಬೇರೊಂದು ನೆನಪುಂಟು. ಪಶ್ಚಿಮ ಏಷ್ಯಾದ ಅರಸರು ತಮ್ಮನ್ನು ಪ್ರಜೆಗಳ ಮಂದೆ ಕಾಯುವವರೆಂದು ಹೇಳಿಕೊಳ್ಳುತ್ತಿದ್ದರು. ಬಾಬಿಲೋನಿನ ಹಮ್ಮುರಬಿ ತನ್ನ ಶಾಸನದಲ್ಲಿ ಹಾಗೆ ಹೇಳಿಕೊಂಡಿದ್ದಾನೆ. ಪ್ರವಾದಿ ಯೆಹೆಜ್ಕೇಲನು ಇಸ್ರಾಯೇಲಿನ ಆಳುವವರನ್ನು ಇದೇ ಹೆಸರಿನಿಂದ ಕರೆದು ಬೈದಿದ್ದಾನೆ. ಹಚ್ಚೊಳ್ಳಿಯಿಂದ ಗಡಿ ದಾಟಿ ಆಂಧ್ರಕ್ಕೆ ಕಾಲಿಟ್ಟರೆ ತೆಲುಗು ಬೈಬಲ್ ಅದೇ ಜಾಗದಲ್ಲಿ ‘ಕಾಪರಿ’ ಎನ್ನುತ್ತದೆ, ಅಂದರೆ ಕಾಯುವವನು. ಈಚಿನ ಕನ್ನಡ ಅನುವಾದವೊಂದು ‘ಕುರಿಗಾಹಿ’ ಎಂದು ಕುಲದ ನಂಟನ್ನು ಬಿಡಿಸಿ ವೃತ್ತಿಯನ್ನಷ್ಟೇ ಉಳಿಸಿಕೊಂಡಿದೆ. ಮೇಯಿಸುವುದು, ಕಾಯುವುದು, ಆಳುವುದು ಈ ಮೂರೂ ಹೀಬ್ರೂ ಪದದ ಒಡಲಲ್ಲಿವೆ. ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಮೂರನ್ನೂ ಒಟ್ಟಿಗೆ ಹೊರುವ ಒಂಟಿ ಪದವಿಲ್ಲ. ಈ ಒಂದು ಪದದ ಗತಿಯಲ್ಲಿ ಕನ್ನಡ ಬೈಬಲಿನ ಇನ್ನೂರು ವರ್ಷಗಳ ಕಥೆಯ ತಿರುಳಿದೆ. ಮೂಲ ಪದದ ಅರ್ಥ ತಿಳಿದರೆ ವಾಕ್ಯದ ಬಾಗಿಲು ತೆರೆಯುತ್ತದೆ ಎಂಬುದು ನಿಜ. ಆದರೆ ಒಳಗೆ ಏನೇನಿದೆ ಎಂದು ಕಾಣಬೇಕಾದರೆ ಅನುವಾದಗಳನ್ನು ಒಂದರ ಪಕ್ಕ ಒಂದಿಟ್ಟು ಓದಬೇಕು. ಬಳ್ಳಾರಿಯಲ್ಲಿ ಆರಂಭವಾದ ಕೆಲಸದ ಇತಿಹಾಸ ಇದನ್ನೇ ಹೇಳುತ್ತದೆ.

1800ರಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಗೆ ದತ್ತ ಮಂಡಲ ಎಂಬ ಹೆಸರು ಬಂತು. ಬಳ್ಳಾರಿಯೂ ಅದರಲ್ಲಿ ಸೇರಿತ್ತು. ಥಾಮಸ್ ಮನ್ರೊ 1807ರವರೆಗೆ ಇಲ್ಲಿ ಕಲೆಕ್ಟರನಾಗಿದ್ದು ಕಂದಾಯದ ಲೆಕ್ಕ ಕಟ್ಟಿದ. ಕೋಟೆಯ ಕೆಳಗೆ ಕಂಪನಿಯ ದಂಡು ಬೀಡುಬಿಟ್ಟಿತು. ದಂಡಿನ ಬೆನ್ನಿಗೆ ತಮಿಳು ಮಾತಾಡುವ ಸಿಪಾಯಿಗಳೂ ವರ್ತಕರೂ ಬಂದರು. ಸುತ್ತಲಿನ ಹಳ್ಳಿಗಳಲ್ಲಿ ಮೊದಲಿನಿಂದಲೂ ಕನ್ನಡವೂ ತೆಲುಗೂ ಒಂದೇ ಬಾವಿಯ ನೀರು ಸೇದುತ್ತಿದ್ದವು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಾಗ ಕಂಡದ್ದು ಈ ಊರನ್ನು. ಮಿಷನರಿಗಳಿಗೆ ಭಾರತದಲ್ಲಿ ಕಾನೂನಿನ ಬಾಗಿಲು ತೆರೆದ 1813ರ ಚಾರ್ಟರ್ ಕಾಯಿದೆ ಬರಲು ಇನ್ನೂ ಮೂರು ವರ್ಷವಿತ್ತು. ಹ್ಯಾಂಡ್ಸ್ ಬಳಿ ಕನ್ನಡದ ವ್ಯಾಕರಣವಿರಲಿಲ್ಲ, ನಿಘಂಟೂ ಇರಲಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ ಹದಿಮೂರನೆಯ ಶತಮಾನದಿಂದಲೂ ಇದ್ದರೂ ಅದು ಓಲೆಗರಿಯಲ್ಲಿತ್ತು, ಅದರ ಕನ್ನಡವೂ ಸಂತೆಯ ಕನ್ನಡವಲ್ಲ. ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ ಕನ್ನಡ ಅನುವಾದಕ್ಕೂ ಕೈಹಾಕಿದ್ದ. 1812ರ ಮಾರ್ಚ್ 11ರಂದು ಅಲ್ಲಿನ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಎಷ್ಟೋ ಭಾಷೆಗಳ ಹಸ್ತಪ್ರತಿಗಳು ಬೂದಿಯಾದವು. ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂತು, ಮೆಕೆರೆಲನ ವ್ಯಾಕರಣ 1820ರಲ್ಲಿ. ಬಳ್ಳಾರಿಯಲ್ಲಿ ಹ್ಯಾಂಡ್ಸನ ಜೊತೆಗೂಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಮುಗಿದದ್ದು 1831ರ ಹೊತ್ತಿಗೆ. ಈ ಇಸವಿಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅನುವಾದಕ್ಕೆ ಬೇಕಾದ ಸಾಮಗ್ರಿ ಅನುವಾದ ನಡೆಯುತ್ತಿದ್ದಾಗಲೇ ತಯಾರಾಯಿತು. ಕಂಬಳಿ ನೇಯುತ್ತ ನೇಯುತ್ತಲೇ ಮಗ್ಗವನ್ನೂ ಕಟ್ಟಿಕೊಳ್ಳಬೇಕಾಯಿತು.

ಹೀಗಿರುವಾಗ ಪದಗಳು ಎಲ್ಲಿಂದ ಬರಬೇಕು? ಮುನ್ಷಿಗಳ, ಪಂಡಿತರ ಬಾಯಿಂದ, ಊರವರ ಬಾಯಿಂದ. ಇತಿಹಾಸದಲ್ಲಿ ಹ್ಯಾಂಡ್ಸ್, ರೀವ್ ಎಂಬ ಹೆಸರುಗಳು ನಿಂತಿವೆ. ಆದರೆ ಒಂದು ಗ್ರೀಕ್ ಪದವನ್ನು ಅವರು ಬಿಡಿಸಿ ಹೇಳಿದಾಗ ಅದಕ್ಕೆ ಸರಿಯಾಗಿ ಒಂದು ಕನ್ನಡ ಪದವನ್ನು ಎತ್ತಿಕೊಟ್ಟವರು ಆ ಹೆಸರಿಲ್ಲದವರು. ಅವರು ಕೊಟ್ಟ ಪದಗಳಿಗೆಲ್ಲ ಆಗಲೇ ಬೇರೆ ಮನೆಗಳಿದ್ದವು. ‘ದೀಕ್ಷೆ’ ಶೈವ ಗುರುವಿನ ಮಠದ್ದು, ‘ದಾಸ’ ಹರಿದಾಸರದ್ದು, ‘ಆತ್ಮ’ ವೇದಾಂತಿಯದ್ದು, ‘ಧರ್ಮಶಾಸ್ತ್ರ’ ಸ್ಮೃತಿ ಓದಿದವರದ್ದು. ಕನ್ನಡದಲ್ಲಿ ನೆಲೆನಿಂತ ‘ದೀಕ್ಷಾಸ್ನಾನ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಗ್ರೀಕಿನ ‘ಬಾಪ್ಟಿಜೊ’ ಎಂದರೆ ಮುಳುಗಿಸು, ಅದ್ದು. ಕೇರಿ ಸೇರಿದ್ದ ಬ್ಯಾಪ್ಟಿಸ್ಟ್ ಪಂಥ ನೀರಲ್ಲಿ ಪೂರ್ತಿ ಮುಳುಗಿಸುವುದೇ ಸರಿಯೆಂದು ನಂಬಿದ್ದರಿಂದ ಸೆರಾಂಪುರದ ಅನುವಾದಗಳು ಆ ಅರ್ಥವನ್ನು ನೇರವಾಗಿ ಹೇಳಿದವು. ಶಿಶುಗಳ ತಲೆಗೆ ನೀರು ಚಿಮುಕಿಸುವ ಸಭೆಗಳು ಇದನ್ನು ಒಪ್ಪಲಿಲ್ಲ. ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ ಅಂಥ ಅನುವಾದಗಳಿಗೆ ಹಣ ಕೊಡಲಾರೆನೆಂದಿತು. ಜಗಳ ಬೆಳೆದು 1840ರಲ್ಲಿ ಬ್ಯಾಪ್ಟಿಸ್ಟರು ತಮ್ಮದೇ ಬೈಬಲ್ ಅನುವಾದ ಸಂಘವನ್ನು ಕಟ್ಟಿಕೊಂಡರು. ಒಂದು ಕ್ರಿಯಾಪದದ ಅರ್ಥಕ್ಕಾಗಿ ಸಂಸ್ಥೆಯೇ ಒಡೆಯಿತು. ತೆಲುಗಿನವರು ಗ್ರೀಕ್ ಪದವನ್ನೇ ಉಳಿಸಿಕೊಂಡು ‘ಬಾಪ್ತಿಸ್ಮಮು’ ಎಂದು ಪಾರಾದರು. ಕನ್ನಡ ‘ಸ್ನಾನ’ ಎಂದಿತು. ಕನ್ನಡಿಗರ ಸ್ನಾನವಾದರೋ ಹೊಳೆಯಲ್ಲಿ ಮುಳುಗುವುದೂ ಹೌದು, ಹಿತ್ತಲಿನ ಹಂಡೆಯಿಂದ ತಲೆಗೆ ನೀರೆರೆದುಕೊಳ್ಳುವುದೂ ಹೌದು. ಆ ಪದದಲ್ಲಿ ಎರಡೂ ಪಕ್ಷಗಳಿಗೆ ಜಾಗ ಸಿಕ್ಕಿತು. ಈಚಿನ ಅನುವಾದದಲ್ಲಿ ಅದೇ ಎರಡು ಪದಗಳು ತಿರುಗುಮುರುಗಾಗಿ ‘ಸ್ನಾನದೀಕ್ಷೆ’ ಎಂದಾಗಿವೆ. ಮೊದಲನೆಯದರಲ್ಲಿ ಸ್ನಾನ ಮುಖ್ಯ, ದೀಕ್ಷೆ ಅದರ ವಿಶೇಷಣ. ಎರಡನೆಯದರಲ್ಲಿ ದೀಕ್ಷೆ ಮುಖ್ಯ, ಸ್ನಾನ ಅದರ ದಾರಿ. ಸಮಾಸ ತಿರುಗಿದರೆ ದೇವಶಾಸ್ತ್ರವೂ ಒಂದಿಷ್ಟು ತಿರುಗುತ್ತದೆ ಎಂಬುದನ್ನು ಇಷ್ಟು ಚಿಕ್ಕದಾಗಿ ತೋರಿಸುವ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

ಸ್ನಾನಕ್ಕಿಂತ ಆಳಕ್ಕೆ ಇಳಿಯುವ ಪದ ಯೋಹಾನನೂ ಯೇಸುವೂ ತಮ್ಮ ಬೋಧನೆಯ ಮೊದಲಿಗೇ ಸಾರಿದ ಪದ. ಗ್ರೀಕ್ ಸುವಾರ್ತೆಗಳಲ್ಲಿ ಅದರ ನಾಮರೂಪ ‘ಮೆಟನೋಯಾ’, ಬಿಡಿಸಿದರೆ ‘ಮನಸ್ಸಿನ ಬದಲಾವಣೆ’. ಲ್ಯಾಟಿನ್ ಬೈಬಲ್ ಇದನ್ನು ಪ್ರಾಯಶ್ಚಿತ್ತ ಮಾಡಿರಿ ಎಂಬ ಅರ್ಥ ಬರುವಂತೆ ಹೇಳಿತು. ಮಧ್ಯಯುಗದ ಯೂರೋಪು ಪಾದ್ರಿಯ ಮುಂದೆ ಪಾಪ ಒಪ್ಪಿಕೊಂಡು, ಅವರು ವಿಧಿಸಿದ ದಂಡ ತೀರಿಸುವುದು ಎಂದೇ ಅದನ್ನು ತಿಳಿದುಕೊಂಡಿತು. 1516ರಲ್ಲಿ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚಿಗೆ ತಂದ. ಮರುವರ್ಷ ಮಾರ್ಟಿನ್ ಲೂಥರ್ ತನ್ನ ತೊಂಬತ್ತೈದು ವಾದಗಳಲ್ಲಿ ಮೊದಲನೆಯದನ್ನೇ ಈ ಪದಕ್ಕೆ ಮೀಸಲಿಟ್ಟ. ಒಂದು ಖಂಡದ ಧಾರ್ಮಿಕ ಇತಿಹಾಸ ಹೊರಳುವಾಗ ಮೂಲ ಪದದ ಅರ್ಥವೂ ಅದಕ್ಕೊಂದು ಕೀಲಾಯಿತು. ಕನ್ನಡದಲ್ಲಿ ಸುಲಭಕ್ಕೆ ಸಿಗುವ ಪದ ‘ಪಶ್ಚಾತ್ತಾಪ’. ಅದು ಆದದ್ದರ ಮೇಲಿನ ತಾಪ, ಹಿಂದಕ್ಕೆ ನೋಡುವ ಸಂಕಟ. ಇನ್ನೊಂದು ದಾರಿ ‘ಮಾನಸಾಂತರ’ ಎಂಬ ಸಂಸ್ಕೃತ ಸಮಾಸ. ಗ್ರೀಕ್ ಪದವನ್ನು ಎಳೆಎಳೆಯಾಗಿ ಬಿಡಿಸಿ ಮತ್ತೆ ಹೆಣೆದಂತಿರುವ ಈ ಪದ ಸಭೆಯ ಹೊರಗೆ ಯಾರ ಬಾಯಲ್ಲೂ ಓಡಾಡಲಿಲ್ಲ. ಹಳೆಯ ಸತ್ಯವೇದವು ಮತ್ತಾಯನ ಸುವಾರ್ತೆಯಲ್ಲಿ ಎರಡನ್ನೂ ಬದಿಗಿಟ್ಟು ದೇವರ ಕಡೆಗೆ ‘ತಿರುಗಿಕೊಳ್ಳುವುದು’ ಎಂಬ ಅಚ್ಚಕನ್ನಡದ ಕ್ರಿಯಾಪದವನ್ನು ಹಿಡಿಯಿತು. ಗ್ರೀಕಿನ ನೇರ ಅರ್ಥದಿಂದ ಇದು ದೂರ ಸರಿದಂತೆ ಕಾಣಬಹುದು. ಆದರೆ ಯೇಸು ಆಡಿದ್ದು ಗ್ರೀಕನ್ನಲ್ಲ, ಹೀಬ್ರೂವಿಗೆ ಒಡಹುಟ್ಟಾದ ಅರಾಮಾಯಿಕ್ ಭಾಷೆಯನ್ನು. ಹೀಬ್ರೂ ಪ್ರವಾದಿಗಳು ಇದೇ ಕರೆಗೆ ಬಳಸಿದ ಕ್ರಿಯಾಪದ ‘ಶೂವ್’. ಅದರ ಅರ್ಥ ತಿರುಗು, ಹಿಂದಿರುಗು. ತೆಲುಗು ‘ಮಾರುಮನಸ್ಸು’ ಎಂದು ಗ್ರೀಕಿನ ಪಕ್ಕ ನಿಂತಿತು. ತಮಿಳು ಮನಸ್ಸನ್ನೂ ತಿರುಗುವುದನ್ನೂ ಕೂಡಿಸಿ ‘ಮನಂದಿರುಂಬು’ ಎಂದಿತು. ಬಳ್ಳಾರಿಯ ದಂಡಿನ ಪೇಟೆಯಲ್ಲಿ ಈ ಮೂರು ಭಾಷೆಗಳ ಬೈಬಲ್ಲುಗಳೂ ಕೂಗಳತೆಯಲ್ಲಿದ್ದವು. ಮೂರನ್ನೂ ಬಲ್ಲವನಿಗೆ ನಿಘಂಟು ಹೇಳದ ಸಂಗತಿ ತಾನಾಗಿ ತಿಳಿಯುತ್ತಿತ್ತು. ಆ ಕರೆಯಲ್ಲಿ ಸಂಕಟವಿದೆ, ಮನಸ್ಸಿನ ಮಾರ್ಪಾಡಿದೆ, ಹೊರಟ ದಾರಿ ಬಿಟ್ಟು ಹಿಂದಿರುಗುವ ನಡಿಗೆಯಿದೆ.

ಅನುವಾದಕ್ಕೆ ಬಂದ ಪದ ತನ್ನ ಹಳೆಯ ಮನೆಯ ನೆನಪನ್ನು ಬಿಟ್ಟು ಬರುವುದಿಲ್ಲ. ಇದು ಬರಿಯ ನಷ್ಟವಲ್ಲ ಎಂಬುದಕ್ಕೆ ‘ದಾಸ’ ಪದ ಸಾಕ್ಷಿ. ಪೌಲನು ತನ್ನನ್ನು ಕ್ರಿಸ್ತನ ‘ದೂಲೊಸ್’ ಎಂದು ಕರೆದುಕೊಂಡ. ರೋಮನ್ ಸಾಮ್ರಾಜ್ಯದಲ್ಲಿ ಆ ಪದಕ್ಕೆ ಕೊಂಡು ತಂದ ಗುಲಾಮ ಎಂದರ್ಥ. ಅವನನ್ನು ಮಾರಬಹುದಿತ್ತು, ಹೊಡೆಯಬಹುದಿತ್ತು. ಕನ್ನಡದಲ್ಲಿ ಅದೇ ಪದ ‘ದಾಸ’ ಆಯಿತು. ಬಳ್ಳಾರಿಗೆ ಹತ್ತಿರದ ಹಂಪಿಯಲ್ಲಿ ಪುರಂದರದಾಸರು ಬಾಳಿದರು. ತುಂಗಭದ್ರೆಯ ಆಚೆ ದಡದ ಮಾನ್ವಿಯಲ್ಲಿ ಜಗನ್ನಾಥದಾಸರಿದ್ದರು. ಹ್ಯಾಂಡ್ಸ್ ಬಳ್ಳಾರಿಗೆ ಬಂದಾಗ ಅವರು ತೀರಿಕೊಂಡು ಒಂದೆರಡು ವರ್ಷವಾಗಿತ್ತಷ್ಟೆ. ಈ ಸೀಮೆಯಲ್ಲಿ ದಾಸನೆಂದರೆ ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ, ಬೀದಿಯಲ್ಲಿ ಹಾಡುತ್ತ ಬರುವ ಪೂಜ್ಯ. ಮನೆಯವರು ಹೊಸಿಲಾಚೆ ಬಂದು ಕೈಮುಗಿಯುತ್ತಿದ್ದರು. ಹೀಗಾಗಿ ಗ್ರೀಕ್ ಓದುಗನಿಗೆ ಮೈ ಜುಮ್ಮೆನ್ನಿಸಿದ ಮಾತು ಕನ್ನಡ ಓದುಗನಿಗೆ ಗೌರವದ ಬಿರುದಾಗಿ ಕೇಳಿಸಿತು. ಪೌಲನ ಮಾತಿನ ಒರಟುತನ ಕನ್ನಡದಲ್ಲಿ ಸವೆದುಹೋಯಿತೆಂದು ಇಲ್ಲಿ ಹೇಳಬೇಕು. ‘ಜೀತದಾಳು’ ಎಂದಿದ್ದರೆ ಆ ಪೆಟ್ಟು ಉಳಿಯುತ್ತಿತ್ತು. ಜೊತೆಗೇ ಇನ್ನೊಂದನ್ನೂ ಹೇಳಬೇಕು. ಹಳೆಯ ಒಡಂಬಡಿಕೆಯಲ್ಲಿ ಮೋಶೆಯನ್ನೂ ದಾವೀದನನ್ನೂ ಯೆಹೋವನ ‘ಎವೆದ್’ ಎಂದು ಕರೆದಿದೆ. ಅದಕ್ಕೂ ಆಳು, ಗುಲಾಮ ಎಂದೇ ಅರ್ಥ, ಆದರೆ ದೇವರ ಹೆಸರಿನೊಡನೆ ಸೇರಿದಾಗ ಅದು ದೊಡ್ಡ ಪದವಿ. ಪೌಲನು ಯೆಹೂದ್ಯನಾಗಿ ಬೆಳೆದವನು. ಗುಲಾಮನೆಂದು ತನ್ನನ್ನು ಇಳಿಸಿಕೊಂಡ ಮಾತಿನಲ್ಲೇ ಪ್ರವಾದಿಗಳ ಸಾಲಿನಲ್ಲಿ ತನ್ನನ್ನು ಸೇರಿಸಿಕೊಂಡ ದನಿಯೂ ಇದ್ದೀತು. ಆ ಎರಡನೆಯ ದನಿಯನ್ನು ಬಹುಪಾಲು ಯೂರೋಪಿಯನ್ ಭಾಷೆಗಳು ಹಿಡಿಯಲಾರವು. ಕನ್ನಡ ಹರಿದಾಸರ ದಯದಿಂದ ಅದನ್ನು ಹಿಡಿಯಿತು. ಒಂದು ಅನುವಾದ ಒಂದು ಕಡೆ ಕಳೆದುಕೊಂಡದ್ದನ್ನು ಇನ್ನೊಂದು ಕಡೆ ಗಳಿಸಿಕೊಳ್ಳುತ್ತದೆ. ಪಕ್ಕದಲ್ಲಿ ಇನ್ನೊಂದು ಅನುವಾದ ಇಲ್ಲದಿದ್ದರೆ ಕಳೆದದ್ದಾಗಲಿ ಗಳಿಸಿದ್ದಾಗಲಿ ನಮಗೆ ಗೊತ್ತಾಗುವುದಿಲ್ಲ.

ಕೆಲವೊಮ್ಮೆ ಪದಕ್ಕಿಂತ ವ್ಯಾಕರಣ ಹೆಚ್ಚು ಹೇಳುತ್ತದೆ. ಆದಿಕಾಂಡದ ಮೊದಲ ವಾಕ್ಯದಲ್ಲಿ ದೇವರಿಗೆ ಇರುವ ಹೀಬ್ರೂ ಪದ ‘ಎಲೋಹೀಂ’. ಅದರ ರೂಪ ಬಹುವಚನದ್ದು, ಅದರ ಕ್ರಿಯಾಪದ ಮಾತ್ರ ಏಕವಚನದ್ದು. ಇದನ್ನು ಇಂಗ್ಲಿಷಿನಲ್ಲಿ ತೋರಿಸುವುದು ಆಗದ ಮಾತು. ಕನ್ನಡದಲ್ಲಿ ‘ದೇವರು’ ಎಂಬುದೂ ಬಹುವಚನದ ರೂಪವೇ. ಹಳೆಯ ಸತ್ಯವೇದವು ಅದರ ಮುಂದೆ ಏಕವಚನದ ‘-ದನು’ ಎಂಬ ಕ್ರಿಯಾಪದವನ್ನಿಟ್ಟಿತು. ವ್ಯಾಕರಣ ಕಲಿಸುವ ಮೇಷ್ಟ್ರು ಇದನ್ನು ತಪ್ಪೆಂದು ಕೆಂಪು ಗೆರೆ ಎಳೆದಾರು. ಆದರೆ ಬಳ್ಳಾರಿ ಸೀಮೆಯ ಹಳ್ಳಿಯಲ್ಲಿ ದೇವರು ಕೊಟ್ಟ, ದೇವರು ಕಾಪಾಡಿದ ಎನ್ನುವವರ ಬಾಯಲ್ಲಿ ಈ ಮಾತು ಇಂದಿಗೂ ಹಾಗೇ ಇದೆ. ಹೀಗೆ ಜನರ ಆಡುಮಾತು ಹೀಬ್ರೂವಿನ ವಿಚಿತ್ರ ವ್ಯಾಕರಣಕ್ಕೆ ತಾನೇ ಸರಿಹೊಂದಿತು. ಈಚಿನ ಅನುವಾದದಲ್ಲಿ ಯೇಸು ಮಾತನಾಡಿದಾಗ ‘ಎಂದನು’ ಹೋಗಿ ‘ಎಂದರು’ ಬಂದಿದೆ, ಹಳೆಯ ‘ಯೆಹೋವ’ನ ಜಾಗಕ್ಕೆ ‘ಸರ್ವೇಶ್ವರ’ ಬಂದಿದ್ದಾನೆ. ಇವೆರಡಕ್ಕೂ ಒಳ್ಳೆಯ ಕಾರಣಗಳಿವೆ. ಗೌರವದ ಬಹುವಚನವಿಲ್ಲದೆ ಹಿರಿಯರನ್ನು ಮಾತಾಡಿಸದ ಸಮಾಜದಲ್ಲಿ ‘ಎಂದನು’ ಕಿವಿಗೆ ಚುಚ್ಚುತ್ತದೆ. ‘ಯೆಹೋವ’ ಎಂಬ ಉಚ್ಚಾರವಂತೂ ಹೀಬ್ರೂವಿನ ನಾಲ್ಕು ವ್ಯಂಜನಗಳಿಗೆ ಒಡೆಯ ಎಂಬರ್ಥದ ‘ಅದೋನಾಯ್’ ಪದದ ಸ್ವರಗಳನ್ನು ಸೇರಿಸಿ ಓದಿದ್ದರಿಂದ ಬಂದದ್ದು. ಯೆಹೂದ್ಯರು ಆ ಹೆಸರನ್ನು ಬಾಯಿಬಿಟ್ಟು ಉಚ್ಚರಿಸುವುದನ್ನು ಬಹಳ ಹಿಂದೆಯೇ ಬಿಟ್ಟಿದ್ದರು. ಆದರೆ ‘ಎಂದರು’ ಬಂದಾಗ ಬಡ ಬಡಗಿಯ ಮಗನೊಬ್ಬ ಮೀನುಗಾರರ ನಡುವೆ ಮಾತಾಡುವ ಸಲಿಗೆ ಕಡಿಮೆಯಾಯಿತು. ‘ಸರ್ವೇಶ್ವರ’ ಬಂದಾಗ ಒಂದು ಜನಾಂಗಕ್ಕೆ ತನ್ನ ಸ್ವಂತ ಹೆಸರು ಹೇಳಿ ಪರಿಚಯಿಸಿಕೊಂಡ ದೇವರು ಎಲ್ಲರ ಒಡೆಯನೆಂಬ ಬಿರುದಿನ ಹಿಂದೆ ಮರೆಯಾದ. ಎರಡು ಅನುವಾದಗಳನ್ನೂ ಓದಿದವನು ಸಲಿಗೆಯನ್ನೂ ಗೌರವವನ್ನೂ ಕಾಣುತ್ತಾನೆ. ಒಂದನ್ನೇ ಓದಿದವನು ತಾನು ಓದಿದ್ದೇ ಮೂಲವೆಂದು ತಿಳಿಯುತ್ತಾನೆ.

ಹ್ಯಾಂಡ್ಸ್ ಮತ್ತು ರೀವ್ ಅವರ ಬೈಬಲ್ ಅಚ್ಚಾಗಿ ಮೂರು ದಶಕ ಕಳೆಯುವುದರೊಳಗೆ ಅದನ್ನು ಬಹುಮಟ್ಟಿಗೆ ಮತ್ತೆ ಬರೆಯಬೇಕಾಯಿತು. ಇದನ್ನು ಅವರ ಸೋಲೆಂದು ಎಣಿಸಬೇಕಾಗಿಲ್ಲ. ಆ ನಡುವೆ ಏನಾಯಿತೆಂಬುದು ಮುಖ್ಯ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಹರ್ಮನ್ ಮೊಗ್ಲಿಂಗ್ 1843ರ ಜುಲೈಯಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ. ಮಂಗಳೂರಿನಲ್ಲಿ ಅದು ಕಲ್ಲಚ್ಚಿನಲ್ಲಿ ಮೂಡುತ್ತಿತ್ತು. ಮರುವರ್ಷ ಅದು ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿಕೊಂಡು ಬಳ್ಳಾರಿಗೆ ಬಂದು ಮೊಳೆಯಚ್ಚು ಕಂಡಿತು. ಬೈಬಲಿನ ನಂಟಿನಿಂದ ಬೆಳೆದ ಬಳ್ಳಾರಿಯ ಅಚ್ಚುಕೂಟ ಹೀಗೆ ಕನ್ನಡ ಪತ್ರಿಕೆಯ ಇತಿಹಾಸದಲ್ಲೂ ಜಾಗ ಪಡೆಯಿತು. ಮೊಗ್ಲಿಂಗನ ಕೈಯಿಂದ 1848ರಿಂದ ಮುಂದೆ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆ ಬಂತು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಅಚ್ಚಾದವು. ಬೈಬಲ್ ಪರಿಷ್ಕರಣೆಯಲ್ಲಿ ದುಡಿದ ಗಾಟ್‌ಫ್ರೀಡ್ ವೈಗ್ಲೆಯೂ ಇದೇ ಬಳಗದವನು. ಕನ್ನಡ ಭಾಷೆ, ಸಾಹಿತ್ಯಗಳ ಮೇಲೆ ಜರ್ಮನಿಯ ವಿದ್ವಾಂಸರಿಗಾಗಿ ಲೇಖನ ಬರೆದವನು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಹೆಗಲು ಕೊಟ್ಟ. ಅವನ ಮಗ ಬಿ. ಎಲ್. ರೈಸ್ ಮುಂದೆ ನಾಡಿನ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದವನು. ಮೊದಲ ಅನುವಾದಕರು ಕನ್ನಡವನ್ನು ಗ್ರೀಕ್, ಹೀಬ್ರೂಗಳ ಕಡೆಯಿಂದ ನೋಡಿದ್ದರು. ಎರಡನೆಯ ತಲೆಮಾರಿನವರು ಬಸವಪುರಾಣವನ್ನೂ ದಾಸರ ಪದಗಳನ್ನೂ ಓದಿದ ಮೇಲೆ ಗ್ರೀಕಿನ ಕಡೆ ನೋಡಿದರು. ಮೂಲ ಪದದ ಅರ್ಥ ತಿಳಿಯಲು ಮೂಲ ಭಾಷೆ ಬಲ್ಲವರಾದರೆ ಸಾಲದು, ಆ ಅರ್ಥವನ್ನು ಇಡಬೇಕಾದ ಪಾತ್ರೆಯ ಆಳವೂ ಗೊತ್ತಿರಬೇಕು. ಪರಿಷ್ಕೃತ ಬೈಬಲ್ 1860ರ ದಶಕದ ಹೊತ್ತಿಗೆ ಬಳಕೆಗೆ ಬಂತು. ಆಮೇಲೂ ತಿದ್ದುಪಡಿ ನಿಲ್ಲಲಿಲ್ಲ. ಮಿಷನರಿಗಳೇ ತಮ್ಮ ಕನ್ನಡವನ್ನು ಕೊನೆಯ ಮಾತೆಂದು ತಿಳಿಯಲಿಲ್ಲ ಎಂಬುದು ಆ ಕನ್ನಡವನ್ನು ಕೊನೆಯ ಮಾತೆಂದು ಹಿಡಿದು ವಾದಿಸುವವರು ನೆನಪಿಡಬೇಕಾದ ಸಂಗತಿ.

ಇಲ್ಲಿ ಒಂದು ಆಕ್ಷೇಪ ಎದುರಾಗುತ್ತದೆ. ಇಷ್ಟೆಲ್ಲ ಸುತ್ತುಬಳಸು ಏಕೆ, ಮೂಲ ಭಾಷೆಯ ನಿಘಂಟು ತೆರೆದು ಪದದ ಅರ್ಥ ನೋಡಿದರೆ ಸಾಲದೇ? ಸಾಲದು ಎನ್ನಲು ಎರಡು ಕಾರಣಗಳಿವೆ. ಮೊದಲನೆಯದು, ಪದದ ಹುಟ್ಟು ಬೇರೆ, ಬಳಕೆ ಬೇರೆ. ‘ಪಾಪ’ವೆಂಬರ್ಥದ ಗ್ರೀಕಿನ ‘ಹಮಾರ್ತಿಯಾ’ ಗುರಿ ತಪ್ಪುವುದು ಎಂಬ ಮಾತಿನಿಂದ ಬಂದದ್ದು ನಿಜ. ಅಷ್ಟರಿಂದಲೇ ಬೈಬಲಿನ ಪಾಪವೆಂದರೆ ಬರಿಯ ಗುರಿ ತಪ್ಪಿದ ಬಾಣ ಎನ್ನುವ ಉಪದೇಶ ಕೇಳಲು ಚೆಂದ, ಅರ್ಥದಲ್ಲಿ ಟೊಳ್ಳು. ಕನ್ನಡದಲ್ಲೇ ನೋಡಿ, ಬಿದ್ದ ಮಗುವನ್ನು ಕಂಡು ‘ಪಾಪ’ ಎನ್ನುತ್ತೇವೆ. ಆ ಮಗು ಪಾತಕಿ ಎಂದು ಯಾರೂ ತಿಳಿಯುವುದಿಲ್ಲ. ಜೇಮ್ಸ್ ಬಾರ್ 1961ರಲ್ಲಿ ಬೈಬಲಿನ ಭಾಷೆಯ ಅರ್ಥವಿಚಾರದ ಮೇಲೆ ಬರೆದ ಪುಸ್ತಕದಲ್ಲಿ ಈ ಬಗೆಯ ಬೇರುಹುಡುಕಾಟವನ್ನು ಕಟುವಾಗಿ ಟೀಕಿಸಿದ. ಅರ್ಥ ಇರುವುದು ಪದದ ಬೇರಿನಲ್ಲಲ್ಲ, ಅದು ವಾಕ್ಯದಲ್ಲಿ ಕೂತ ಬಗೆಯಲ್ಲಿ ಎಂಬುದು ಅವನ ವಾದದ ಸಾರ. ಎರಡನೆಯದು, ‘ಮೂಲ’ ಎಂಬುದೇ ಒಂಟಿಯಲ್ಲ. ಯೇಸುವಿ‌ನ ಅರಾಮಾಯಿಕ್ ಮಾತು ನಮಗೆ ಸಿಕ್ಕುವುದು ಗ್ರೀಕಿನಲ್ಲಿ, ಅಂದರೆ ಸುವಾರ್ತೆಗಳಲ್ಲಿರುವ ಅವನ ಮಾತು ಆಗಲೇ ಅನುವಾದ. ಹಳೆಯ ಒಡಂಬಡಿಕೆಯನ್ನು ಹೊಸ ಒಡಂಬಡಿಕೆಯವರು ಬಹಳ ಕಡೆ ಉದ್ಧರಿಸಿದ್ದು ಗ್ರೀಕ್ ಅನುವಾದವಾದ ಸೆಪ್ಟುವಜಿಂಟಿನಿಂದ. ಹ್ಯಾಂಡ್ಸನ ಕಾಲದ ಗ್ರೀಕ್ ಪಾಠ ಎರಾಸ್ಮಸನ ಪರಂಪರೆಯದು. ಆಮೇಲೆ ಸೀನಾಯಿಯ ಹಸ್ತಪ್ರತಿಯೂ 1947ರಿಂದ ಮುಂದೆ ಮೃತ ಸಮುದ್ರದ ಬಳಿಯ ಗುಹೆಗಳ ಸುರುಳಿಗಳೂ ಬೆಳಕಿಗೆ ಬಂದು ವಿದ್ವಾಂಸರು ಎಷ್ಟೋ ವಾಕ್ಯಗಳನ್ನು ಮತ್ತೆ ತೂಗಿ ನೋಡಿದರು. ಮೂಲಕ್ಕೆ ಹೋಗುತ್ತೇನೆಂದು ಹೊರಟವನು ಬೆಟ್ಟದ ತುದಿಯ ಒಂದು ಚಿಲುಮೆಗೆ ಮುಟ್ಟುವುದಿಲ್ಲ, ಹಲವು ಹಳ್ಳಗಳು ಕೂಡುವ ಕಣಿವೆಗೆ ಮುಟ್ಟುತ್ತಾನೆ.

ಹಾಗಾದರೆ ಯಾರು ಏನು ಬೇಕಾದರೂ ಅರ್ಥ ಹಚ್ಚಬಹುದೇ ಎಂಬುದು ಎದುರು ದಿಕ್ಕಿನ ಆಕ್ಷೇಪ. ಇಲ್ಲ. ಬೇರೆಬೇರೆ ಅನುವಾದಗಳು ಅರ್ಥವನ್ನು ಹಿಗ್ಗಿಸುವಷ್ಟೇ ಬಿಗಿಯಾಗಿ ಅದಕ್ಕೆ ಬೇಲಿಯನ್ನೂ ಹಾಕುತ್ತವೆ. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ನಿಕೊದೇಮನಿಗೆ ಯೇಸು ಹೇಳುವ ಮಾತಿನ ಚಮತ್ಕಾರ ಒಂದೇ ಪದದ ಮೇಲೆ ನಿಂತಿದೆ. ಗ್ರೀಕಿನ ‘ನ್ಯೂಮಾ’, ಅದರ ಹಿಂದಿನ ಹೀಬ್ರೂ ‘ರೂಆಖ್’ ಎರಡಕ್ಕೂ ಗಾಳಿ, ಉಸಿರು, ಆತ್ಮ ಎಂಬ ಮೂರು ಅರ್ಥಗಳು. ಕನ್ನಡದಲ್ಲಿ ಬೀಸುವಾಗ ‘ಗಾಳಿ’, ಮತ್ತೆ ಹುಟ್ಟುವಾಗ ‘ಆತ್ಮ’ ಎಂದು ಪದವನ್ನು ಎರಡಾಗಿ ಸೀಳಬೇಕಾಯಿತು, ಚಮತ್ಕಾರ ಬಿದ್ದುಹೋಯಿತು. ಎರಡೂ ಕಡೆ ‘ಗಾಳಿ’ ಎನ್ನಬಹುದಿತ್ತೇ? ಹಳ್ಳಿಯ ಕನ್ನಡದಲ್ಲಿ ಗಾಳಿ ಸೋಕುವುದೆಂದರೆ ದೆವ್ವ ಮೆಟ್ಟುವುದು. ಕಾಣದ ಶಕ್ತಿಯೊಂದು ಮನುಷ್ಯನ ಮೈಯನ್ನು ಹೊಕ್ಕು ಬದಲಿಸುತ್ತದೆ ಎಂಬ ನಂಬಿಕೆ ಆ ಮಾತಿನಲ್ಲಿದೆ. ನಿಕೊದೇಮನ ಪ್ರಸಂಗದ ಬೆರಗಿಗೆ ಒಂದು ದೃಷ್ಟಿಯಿಂದ ‘ಆತ್ಮ’ಕ್ಕಿಂತ ಅದು ಹತ್ತಿರ. ಆದರೂ ಆ ದಾರಿ ಹಿಡಿಯುವಂತಿಲ್ಲ, ಏಕೆಂದರೆ ಉಳಿದ ಸುವಾರ್ತೆಗಳು ದೆವ್ವ ಬಿಡಿಸುವ ಪ್ರಸಂಗಗಳಿಂದ ತುಂಬಿವೆ. ಪವಿತ್ರಾತ್ಮನನ್ನು ಗಾಳಿಯೆಂದರೆ ಓದುಗ ಯಾವುದನ್ನು ಬಿಡಿಸಬೇಕು, ಯಾವುದನ್ನು ಬರಮಾಡಿಕೊಳ್ಳಬೇಕು ಎಂದು ತಡವರಿಸುತ್ತಾನೆ. ನಿಘಂಟು ಒಪ್ಪುವ ಅರ್ಥವನ್ನು ಸಂದರ್ಭ ತಳ್ಳಿಹಾಕುತ್ತದೆ. ಹೀಗೆ ಪ್ರತಿ ಪದಕ್ಕೂ ಮೂಲದ ವ್ಯಾಕರಣ, ವಾಕ್ಯದ ಹಿಂದುಮುಂದು, ಬರೆದವನ ಕಾಲದ ಬಳಕೆ, ಓದುವವನ ಊರಿನ ಬಳಕೆ ಎಂಬ ನಾಲ್ಕು ಗೂಟಗಳಿವೆ. ಹಗ್ಗ ಎಷ್ಟೇ ಉದ್ದವಿದ್ದರೂ ಮೇಯುವುದು ಆ ಗೂಟಗಳ ಸುತ್ತಲೇ.

ಮೂರನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಈ ಅನುವಾದಗಳು ಮತಪ್ರಚಾರಕ್ಕಾಗಿ, ಕಂಪನಿಯ ದಂಡಿನ ನೆರಳಿನಲ್ಲಿ ಹುಟ್ಟಿದವು. ದಾಸರ, ಶರಣರ ಪದಗಳನ್ನು ಎತ್ತಿಕೊಂಡು ಅವರದಲ್ಲದ ನಂಬಿಕೆಗೆ ತೊಡಿಸಿದ್ದನ್ನು ವಿದ್ವತ್ತೆಂದು ಹೊಗಳುವುದು ಸರಿಯೇ? ಉದ್ದೇಶದ ಬಗ್ಗೆ ಅನುಮಾನಕ್ಕೆ ಎಡೆಯೇ ಇಲ್ಲ. ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು ಭಾಷಾಶಾಸ್ತ್ರ ಕಲಿಯಲಲ್ಲ. ಆದರೆ ಉದ್ದೇಶ ಪದಗಳನ್ನು ಪೂರ್ತಿ ಆಳಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರಳೇ ಎಂಬಂತೆ ಕನ್ನಡಕ್ಕೆ ಬಂದ ಬೈಬಲ್ ಕನ್ನಡದ ಬಾವಿಗೇ ಬರಬೇಕಾಯಿತು. ‘ದೀಕ್ಷೆ’ ಎಂದ ಕೂಡಲೇ ಗುರು, ಮಠ, ಲಿಂಗಧಾರಣೆಗಳ ನೆನಪನ್ನು ತಡೆಯಲು ಯಾವ ಮಿಷನರಿಗೂ ಸಾಧ್ಯವಿರಲಿಲ್ಲ. ಕಥೋಲಿಕರು ಕೃಪೆಗೆ ‘ವರಪ್ರಸಾದ’ ಎಂದಾಗ ಪ್ರಸಾದವೆಂಬ ಪದ ಲಿಂಗಾಯತರ ಅಷ್ಟಾವರಣದ ವಾಸನೆಯನ್ನೂ ಜೊತೆಗೆ ತಂದಿತು. ಮೋಕ್ಷವೆಂದರೆ ಮರುಹುಟ್ಟಿನ ಚಕ್ರ ನೆನಪಾಗುವುದರಿಂದಲೋ ಏನೋ, ಹಳೆಯ ಸತ್ಯವೇದವು ‘ರಕ್ಷಣೆ’ ಎಂಬ ಪದಕ್ಕೆ ಆತುಕೊಂಡಿತು. ಗೆದ್ದವರ ಭಾಷೆಯಿಂದ ಪದಗಳು ಬಂದು ಕನ್ನಡದ ಮೇಲೆ ಕೂರಲಿಲ್ಲ. ಹೀಬ್ರೂ, ಗ್ರೀಕ್ ಪದಗಳೇ ಕನ್ನಡದ ಉಡುಪು ಕೇಳಿ ಪಡೆದವು, ಉಡುಪಿನ ಅಳತೆಗೆ ಒಗ್ಗಬೇಕಾಯಿತು. ಅದೇ ಕೆಲಸದ ಬದಿಯಲ್ಲಿ ಕನ್ನಡಕ್ಕೆ ನಿಘಂಟು ಬಂತು. ರೀವ್‌ನಿಂದ ಆರಂಭವಾದ ಸಾಲು 1894ರ ಕಿಟೆಲ್ ನಿಘಂಟಿನವರೆಗೆ ಬೆಳೆಯಿತು. ಇಂದು ಹಳಗನ್ನಡ ಓದುವ ಯಾವ ಮತದವನೂ ಆ ನಿಘಂಟನ್ನು ತೆರೆಯದೆ ಮುಂದೆ ಹೋಗುವುದಿಲ್ಲ.

ಅನುವಾದಗಳನ್ನು ಒಂದರ ಪಕ್ಕ ಒಂದಿಟ್ಟು ಓದಬೇಕೆಂಬ ವಾದಕ್ಕೆ ಎಲ್ಲಕ್ಕಿಂತ ಹಳೆಯ ಸಾಕ್ಷಿ ಬೈಬಲಿನಲ್ಲಿಲ್ಲ, ಸಿರುಗುಪ್ಪ ತಾಲೂಕಿನ ಬಂಡೆಗಳ ಮೇಲಿದೆ. ನಿಟ್ಟೂರು ಮತ್ತು ಉಡೇಗೋಳಗಳಲ್ಲಿ 1970ರ ದಶಕದ ಕೊನೆಯಲ್ಲಿ ಅಶೋಕನ ಕಿರುಶಾಸನಗಳು ಪತ್ತೆಯಾದವು. ಅಶೋಕ ಎಂಬ ಹೆಸರನ್ನೇ ಹೇಳುವ ಕೆಲವೇ ಶಾಸನಗಳಲ್ಲಿ ಇವೂ ಸೇರಿವೆ. ಕನ್ನಡ ಸೀಮೆಯ ಈ ಮೂಲೆಗೆ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ದೂರದ ಪ್ರಾಕೃತದಲ್ಲಿ ಒಂದು ಉಪದೇಶ ಬಂದಿತ್ತು. ಓದಿ ಹೇಳುವವರಿಲ್ಲದೆ ಇಲ್ಲಿನ ಜನಕ್ಕೆ ಅದು ತಿಳಿದಿರಲಾರದು. ಅಶೋಕನ ಕೇಂದ್ರ ಪದ ‘ಧಮ್ಮ’. ಅದೇ ಅರಸನ ಇನ್ನೊಂದು ಶಾಸನ 1958ರಲ್ಲಿ ಆಫ್ಘಾನಿಸ್ತಾನದ ಕಂದಹಾರದಲ್ಲಿ ಸಿಕ್ಕಿತು. ಅಲ್ಲಿ ಒಂದೇ ಬಂಡೆಯ ಮೇಲೆ ಮೇಲುಗಡೆ ಗ್ರೀಕ್, ಕೆಳಗಡೆ ಅರಾಮಾಯಿಕ್. ಮುಂದೆ ಬೈಬಲ್ ನಡೆದುಬರಲಿದ್ದ ಭಾಷೆಗಳೇ ಇವು. ‘ಧಮ್ಮ’ ಗ್ರೀಕಿನಲ್ಲಿ ‘ಯೂಸೆಬಿಯಾ’ ಆಯಿತು, ದೈವದ ಮುಂದಿನ ಭಯಭಕ್ತಿ. ಅರಾಮಾಯಿಕಿನಲ್ಲಿ ಸತ್ಯವೆಂಬ ಅರ್ಥದ ಪದವಾಯಿತು. ಒಂದೇ ಅರಸನ ಒಂದೇ ಪದಕ್ಕೆ ಒಂದೇ ಕಲ್ಲಿನ ಮೇಲೆ ಎರಡು ಅನುವಾದಗಳು, ಯಾವುದೂ ಇನ್ನೊಂದನ್ನು ಸುಳ್ಳು ಮಾಡಲಿಲ್ಲ. ಮುನ್ನೂರು ವರ್ಷಗಳ ಮೇಲೆ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಅದೇ ‘ಯೂಸೆಬಿಯಾ’ ಮತ್ತೆ ಮತ್ತೆ ಬರುತ್ತದೆ. ಕನ್ನಡ ಸತ್ಯವೇದವು ಅದನ್ನು ‘ಭಕ್ತಿ’ ಎಂದಿದೆ. ನಿಟ್ಟೂರಿನ ಬಂಡೆ ಬರೆಸಿದವನ ‘ಧಮ್ಮ’ವನ್ನು ಹೊತ್ತ ಗ್ರೀಕ್ ಪದ ಹೀಗೆ ಬಸವಣ್ಣನವರೂ ಪುರಂದರದಾಸರೂ ಬೆಳೆಸಿದ ಪದದೊಳಗೆ ಬಂದು ಕೂತಿತು. ‘ಧಮ್ಮ’ಕ್ಕೆ ಒಡಹುಟ್ಟಾದ ‘ಧರ್ಮ’ವೋ ಅದೇ ಸತ್ಯವೇದದಲ್ಲಿ ಮೋಶೆಯ ‘ತೋರಾ’ಕ್ಕೆ ‘ಧರ್ಮಶಾಸ್ತ್ರ’ವಾಗಿ ಬೇರೆಯೇ ಕೆಲಸಕ್ಕೆ ಹೋಗಿದೆ. ಹಾಗಾಗಿ ಹಚ್ಚೊಳ್ಳಿಯ ಓದುಗನೊಬ್ಬ ಬೈಬಲಿನಲ್ಲಿ ‘ಭಕ್ತಿ’ ಎಂಬ ಪದದ ಮೂಲವೇನೆಂದು ಕೇಳಿದರೆ ಅವನನ್ನು ಗ್ರೀಕ್ ನಿಘಂಟಿಗೆ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ. ನಿಘಂಟು ನೋಡಿದ ಮೇಲೆ ಅವನು ತನ್ನ ತಾಲೂಕಿನ ಬಂಡೆಯನ್ನೂ ಒಮ್ಮೆ ನೋಡಿಬರಬೇಕಾಗುತ್ತದೆ.